ಬಾಗಿದ ಬಾಣದ ಗುಂಡಿ

ರಾಣೇಬೆನ್ನೂರಿನಲ್ಲಿ ಹಾಲಮ್ಮ ಎಂಬ ಹೆಂಗಸೊಬ್ಬಳಿದ್ದಳು. ಹೆಂಗಸರನ್ನಿಟ್ಟುಕೊಂಡು ರೊಟ್ಟಿ ಮಾಡಿ ಮಾರುವ ಕೇಂದ್ರ ನಡೆಸುತ್ತಿದ್ದಳು. ಉರಿಗೆ ಹೆದರುವವಳಲ್ಲ, ಜನಕ್ಕೆ ಹೆದರುವವಳೂ ಅಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಕಾರು ಕಲಿತು, ಸಂತೆಯ ದಿನವೂ ದನ, ಗಾಡಿ, ಜನರ ನಡುವೆ ಸಲೀಸಾಗಿ ಓಡಿಸಿಕೊಂಡು ಬರುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಹೆದರಿಕೆ. ಕಾರಿನ ಎ.ಸಿ. ಗುಂಡಿಗಳದು.

ಅದಕ್ಕೆ ಕಾರಣವೂ ಇತ್ತು. ಆ ಕಾರು ಮೊದಲು ಅವಳ ತಮ್ಮ ಕೊಟ್ರೇಶನದಾಗಿತ್ತು. ಅವನು ಹೊಸ ಕಾರು ತಂದಾಗ ಹಳೆಯದನ್ನು ಅಕ್ಕನಿಗೆ ಕೊಟ್ಟ. ಮೊದಲ ದಿನವೇ ಹಾಲಮ್ಮ ಸೆಕೆ ತಾಳದೆ ಒಂದು ತಿರುಗಣೆಯನ್ನು ತಿರುಗಿಸಿದಳು. ಅದು ತಪ್ಪು ಕಡೆಗೆ ತಿರುಗಿತು. ಬಿಸಿಗಾಳಿ ರೊಯ್ಯನೆ ಮುಖಕ್ಕೆ ಬಡಿಯಿತು. ಎಂಜಿನ್ನಿಗೆ ಬೆಂಕಿ ಬಿತ್ತೆಂದುಕೊಂಡು ಅವಳು ನಡುರಸ್ತೆಯಲ್ಲೇ ಕಾರು ಬಿಟ್ಟು ಓಡಿದಳು. ಅಂಗಡಿಗಳ ಮುಂದೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಜೆ ಕೊಟ್ರೇಶ ಬಂದ. "ಅಕ್ಕಾ, ಬಾ ಕೂಡು. ಯಾವ ಗುಂಡಿ ಯಾತಕ್ಕ ಅಂತ ಹೇಳಿಕೊಡ್ತೀನಿ. ಚಾ ಕುಡಿಯುವಷ್ಟು ಹೊತ್ತು ಸಾಕು" ಎಂದ.

"ನನಗ ಬ್ಯಾಡಪಾ" ಎಂದಳು ಹಾಲಮ್ಮ. "ನೀನ ಒಮ್ಮೆ ಸರಿ ಮಾಡಿ ಇಟ್ಟುಬಿಡು. ತಂಪು ಬಂದ್ರ ಸಾಕು. ನಾ ಅದನ್ನ ಇನ್ನ ಮುಟ್ಟಂಗಿಲ್ಲ."

ಅವನು ಸರಿ ಮಾಡಿ ಇಟ್ಟ. ಅವಳು ಮುಟ್ಟಲಿಲ್ಲ. ಬೇಕಾದಾಗ ಎ.ಸಿ. ಹಚ್ಚುವುದು, ಬೇಡವಾದಾಗ ಆರಿಸುವುದು, ಇಷ್ಟೇ. ಉಳಿದ ಗುಂಡಿಗಳ ಮೇಲಿನ ಚಿತ್ರಗಳನ್ನು ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಒರೆಸುವಾಗ ಕೂಡ ಅವುಗಳ ಸುತ್ತ ಬಟ್ಟೆ ಆಡಿಸಿ ಕೈ ಹಿಂದಕ್ಕೆ ತೆಗೆಯುತ್ತಿದ್ದಳು.

ಹಾಲಮ್ಮನ ಅತ್ತೆ ನಿಂಬವ್ವನಿಗೆ ದಮ್ಮಿನ ಕಾಯಿಲೆ. ಆಗಾಗ ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಬೇಕಾಗಿತ್ತು. ಬೇಸಿಗೆಯ ಒಂದು ದಿನ ಬೆಳಗಿನ ಕೆಲಸ ಮುಗಿಸಿ ಹಾಲಮ್ಮ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಬಿಸಿಲು ಆಗಲೇ ಏರಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು, ಒಳಗೆ ತಂಪು ಬೀಸುತ್ತಿತ್ತು. ನಿಂಬವ್ವ ಕೇಂದ್ರದ ಹೆಂಗಸರ ಸುದ್ದಿ ಹೇಳುತ್ತ ನಗುತ್ತಿದ್ದಳು.

ಮೆಣಸಿನಕಾಯಿಯ ಸುಗ್ಗಿ ಅದು. ಹೆದ್ದಾರಿಯ ಬದಿಯ ಬಯಲುಗಳಲ್ಲಿ ಕಾಯಿ ಕೆಂಪಗೆ ಹರವಿತ್ತು. ಒಂದು ಕಡೆ ಮುಂದಿನ ಗಾಡಿಗಳು ನಿಂತವು. ಹಾಲಮ್ಮನೂ ನಿಲ್ಲಿಸಿದಳು. ಮುಂದೆ ಒಂದು ಲಾರಿ, ಹಿಂದೆ ಒಂದು ಬಸ್ಸು, ಬಲಕ್ಕೆ ಗಾಡಿಗಳ ಇನ್ನೊಂದು ಸಾಲು, ಎಡಕ್ಕೆ ತಗ್ಗು. ಲಾರಿಯ ಆಚೆ ಹೊಗೆ ಏಳುತ್ತಿತ್ತು.

"ಏನ ಸುಡಾಕತ್ತಾರ?" ಎಂದಳು ನಿಂಬವ್ವ.

ಹಾಲಮ್ಮ ಉತ್ತರ ಕೊಡುವ ಮೊದಲೇ ಗಾಳಿ ತಿರುಗಿತು. ಹೊಗೆ ಲಾರಿಯನ್ನು ಮುಚ್ಚಿತು, ಆಮೇಲೆ ಕಾರನ್ನು ಮುಚ್ಚಿತು. ಅದು ಕಸದ ಹೊಗೆಯಲ್ಲ. ಬಯಲಿನಲ್ಲಿ ಒಟ್ಟಿದ್ದ ಮೆಣಸಿನಕಾಯಿಗೇ ಬೆಂಕಿ ಬಿದ್ದಿತ್ತು.

ಮೊದಲು ಗಂಟಲು ಉರಿಯಿತು. ಆಮೇಲೆ ಕಣ್ಣು. ಮೂಗಿನೊಳಗೆ ಸೂಜಿ ಚುಚ್ಚಿದ ಹಾಗಾಯಿತು. ಹಾಲಮ್ಮ ಕೆಮ್ಮಿದಳು, ಸೀನಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿದಷ್ಟೂ ಉರಿ ಹೆಚ್ಚಿತು. ಪಕ್ಕದಿಂದ ಒಂದು ಸದ್ದು ಬಂತು. ಹಳೆಯ ಬಾಗಿಲು ಎಳೆದಂಥ ಸದ್ದು. ಅದು ನಿಂಬವ್ವ ಉಸಿರೆಳೆಯುವ ಸದ್ದು.

"ಅತ್ತೀ! ಪಂಪು ತಗೋರಿ, ಪಂಪು!"

ನಿಂಬವ್ವ ಚೀಲದಿಂದ ಉಸಿರಿನ ಔಷಧದ ಪಂಪು ತೆಗೆದು ಬಾಯಿಗಿಟ್ಟು ಒತ್ತಿಕೊಂಡಳು. ಮತ್ತೊಮ್ಮೆ ಒತ್ತಿಕೊಂಡಳು. ಆದರೆ ಔಷಧದ ಹಿಂದೆಯೇ ಹೊಗೆಯೂ ಒಳಗೆ ಹೋಯಿತು. ಅವಳ ಕೈ ಹಾಲಮ್ಮನ ತೋಳನ್ನು ಹಿಡಿಯಿತು.

"ಕಿಟಕಿ... ತಗೀ... ನಮ್ಮವ್ವಾ..."

ಹಾಲಮ್ಮ ಗಾಬರಿಯಲ್ಲಿ ಕಿಟಕಿ ಒಂದಿಷ್ಟು ಇಳಿಸಿದಳು. ಹೊಗೆ ದಬದಬನೆ ನುಗ್ಗಿತು. ಕೂಡಲೇ ಏರಿಸಿದಳು. ಹೊರಗೆ ಯಾರೋ ಕೂಗುತ್ತ ಓಡುತ್ತಿದ್ದರು. ಬಾಗಿಲು ತೆರೆದು ಅತ್ತೆಯನ್ನು ಎಳೆದುಕೊಂಡು ಓಡಲೇ ಎಂದುಕೊಂಡಳು. ಆದರೆ ಎತ್ತ ಓಡುವುದು? ಎತ್ತ ನೋಡಿದರೂ ಅದೇ ಹೊಗೆ. ನಿಂಬವ್ವ ನಾಲ್ಕು ಹೆಜ್ಜೆ ಇಡುವ ಸ್ಥಿತಿಯಲ್ಲೂ ಇರಲಿಲ್ಲ.

ಆಗ ಹಾಲಮ್ಮನ ಎದೆಯೊಳಗೆ ಒಂದು ಪ್ರಶ್ನೆ ಎದ್ದಿತು. ಕಿಟಕಿ ಮುಚ್ಚಿದೆ, ಬಾಗಿಲು ಮುಚ್ಚಿದೆ. ಮತ್ತೆ ಈ ಘಾಟು ಎಲ್ಲಿಂದ ಬರುತ್ತಿದೆ?

ಅವಳು ಕಣ್ಣು ಮುಚ್ಚಿ ಅಂಗೈಯನ್ನು ಮುಂದಕ್ಕೆ ಚಾಚಿದಳು. ತಣ್ಣಗೆ ಗಾಳಿ ಬೀಸುವ ಜಾಗಕ್ಕೆ ಮುಖ ತಂದಳು. ಮೂಗು ಸುಟ್ಟಂತಾಯಿತು. ಎರಡು ವರ್ಷದಿಂದ ತನ್ನನ್ನು ತಂಪಾಗಿಟ್ಟ ಆ ಗಾಳಿಯೇ ಈಗ ಹೊರಗಿನ ಹೊಗೆಯನ್ನು ಎಳೆದೆಳೆದು ಅತ್ತೆಯ ಮುಖಕ್ಕೆ ಊದುತ್ತಿತ್ತು.

ಎ.ಸಿ. ಆರಿಸಿದಳು. ಬೀಸುವುದು ನಿಂತಿತು. ಆದರೆ ಅಷ್ಟರಲ್ಲೇ ಕಾರಿನ ಒಳಗೆ ಒಲೆಯ ಬಾಯಿಯಂಥ ಕಾವು. ನಿಂಬವ್ವ ಬೆವರಿದಳು, ಅವಳ ಉಸಿರು ಇನ್ನೂ ಮೇಲಕ್ಕೇರಿತು. ತುಟಿಯ ಬಣ್ಣ ಬದಲಾಗುತ್ತಿರುವುದು ಕಂಡಿತು.

"ಯಪ್ಪಾ ದೇವರೇ, ನಾ ಏನ ಮಾಡ್ಲಿ!"

ಗುಂಡಿಗಳು ಕಣ್ಣ ಮುಂದೆಯೇ ಇದ್ದವು. ತಪ್ಪು ಗುಂಡಿ ಒತ್ತಿದರೆ? ಬಿಸಿಗಾಳಿ ನುಗ್ಗಿದರೆ? ಅತ್ತೆ ತನ್ನ ಕೈಯಲ್ಲೇ ಹೋಗಿಬಿಟ್ಟರೆ? ಬೆರಳು ಗುಂಡಿಯ ತನಕ ಹೋಗಿ ಹಿಂದಕ್ಕೆ ಬಂತು. ಪಕ್ಕದಲ್ಲಿ ಆ ಸದ್ದು ಒಮ್ಮೆ ನಿಂತು, ಮತ್ತೆ ಶುರುವಾಯಿತು. ಆ ಒಂದು ಗಳಿಗೆಯ ಮೌನ ಹಾಲಮ್ಮನಿಗೆ ಹೊಗೆಗಿಂತ ಭಯಂಕರವಾಗಿತ್ತು.

ಅವಳು ನೀರಿನ ಬಾಟಲಿ ತೆಗೆದು ಕಣ್ಣಿಗೆ ನೀರು ಎರಚಿಕೊಂಡಳು. ಸೆರಗಿನ ತುದಿ ನೆನೆಸಿ ಅತ್ತೆಯ ಮೂಗಿಗೆ ಹಿಡಿದಳು. ಆಮೇಲೆ ಗುಂಡಿಗಳ ಮೇಲಿನ ಚಿತ್ರಗಳನ್ನು ಮೊಟ್ಟಮೊದಲ ಬಾರಿಗೆ ದಿಟ್ಟಿಸಿ ನೋಡಿದಳು.

ಒಂದರ ಮೇಲೆ ಕಾರಿನ ಚಿತ್ರ, ಹೊರಗಿನಿಂದ ಒಳಗೆ ಬರುವ ಬಾಣ. ಅದರ ದೀಪ ಉರಿಯುತ್ತಿತ್ತು. ಪಕ್ಕದ್ದರ ಮೇಲೂ ಕಾರು, ಆದರೆ ಬಾಣ ಹೊರಗಿನಿಂದ ಬರುತ್ತಿರಲಿಲ್ಲ. ಕಾರಿನ ಒಳಗೇ ಬಾಗಿ ಒಳಗೇ ತಿರುಗುತ್ತಿತ್ತು.

ಹಾಲಮ್ಮ ಉಸಿರು ಬಿಗಿಹಿಡಿದು ಆ ಬಾಗಿದ ಬಾಣವನ್ನು ಒತ್ತಿದಳು. ಒಳಗೆಲ್ಲೋ ಸಣ್ಣ ಬಾಗಿಲು ಮುಚ್ಚಿದಂತೆ ಟಪ್ ಎಂದಿತು. ಎ.ಸಿ. ಮತ್ತೆ ಹಚ್ಚಿದಳು. ಅಂಗೈ ಒಡ್ಡಿದಳು. ತಣ್ಣಗಿನ ಗಾಳಿ. ಘಾಟು ಇನ್ನೂ ಇತ್ತು, ಆದರೆ ಹೊಸ ಹೊಗೆ ಬರುತ್ತಿರಲಿಲ್ಲ. ಕ್ರಮೇಣ ಘಾಟು ಇಳಿಯಿತು.

"ಅತ್ತೀ, ಸಣ್ಣಗ ಉಸಿರು ತಗೋರಿ. ಬಟ್ಟಿ ತಗೀಬ್ಯಾಡ್ರಿ. ನಾ ಇದೀನ್ರಿ."

ನಿಂಬವ್ವ ಮತ್ತೆ ಪಂಪು ಒತ್ತಿಕೊಂಡಳು. ಈ ಸಲ ಔಷಧ ಒಳಗಿಳಿಯಿತು. ಎದೆಯ ಸದ್ದು ಸಣ್ಣದಾಯಿತು. ಮುಂದಿನ ಲಾರಿ ಕದಲಿತು. ಹಾಲಮ್ಮ ಅದರ ಹಿಂದಿನ ಕೆಂಪು ದೀಪವನ್ನೇ ನೋಡುತ್ತ ಹೊಗೆಯೊಳಗಿಂದ ಕಾರನ್ನು ಇಂಚಿಂಚಾಗಿ ಆಚೆ ತಂದಳು. ಬಿಸಿಲು ಕಂಡಾಗ ಇಬ್ಬರೂ ಅತ್ತರು. ಮೆಣಸಿನ ಘಾಟಿಗೋ ಭಯಕ್ಕೋ ಅವರಿಗೇ ಗೊತ್ತಿರಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ.

"ಈ ಗುಂಡಿ ನಮ್ಮ ಜೀವ ಉಳಿಸೇತ್ರಿ ಅತ್ತಿ. ಇನ್ನ ಇದನ್ನ ಹಿಂಗ ಬಿಡ್ತೀನಿ. ಜನ್ಮದಾಗ ತಗಿಯಂಗಿಲ್ಲ" ಎಂದಳು ಹಾಲಮ್ಮ. ಹಳೆಯ ಹೆದರಿಕೆ ಹೋಗಿರಲಿಲ್ಲ, ಜಾಗ ಬದಲಿಸಿತ್ತು, ಅಷ್ಟೇ. ಮೊದಲು ಗುಂಡಿ ಒತ್ತಲು ಹೆದರುತ್ತಿದ್ದವಳು ಈಗ ಒತ್ತಿದ್ದನ್ನು ತೆಗೆಯಲು ಹೆದರಿದಳು.

ಹಾದಿ ಉದ್ದವಿತ್ತು. ಒಳಗೆ ತಂಪಾಗಿತ್ತು, ಶಾಂತವಾಗಿತ್ತು. ನಿಂಬವ್ವನ ತಲೆ ಒರಗಿತು. ಪಾಪ, ದಣಿದಿದ್ದಾಳೆ, ಮಲಗಲಿ ಎಂದುಕೊಂಡಳು ಹಾಲಮ್ಮ. ಸ್ವಲ್ಪ ಹೊತ್ತಿಗೆ ಅವಳಿಗೂ ಆಕಳಿಕೆ ಬಂತು. ಮತ್ತೊಂದು ಬಂತು. ತಲೆ ಭಾರವಾಯಿತು, ನೊಸಲಿನಲ್ಲಿ ಸಣ್ಣ ನೋವು. ಬೆಳಗ್ಗೆ ಬೇಗ ಎದ್ದದ್ದಕ್ಕೇ ಇರಬೇಕು ಎಂದುಕೊಂಡಳು. ರಸ್ತೆ ಮುಂದೆ ಹರಿಯುತ್ತಲೇ ಇತ್ತು, ಬಿಳಿ ಗೆರೆ ಬರುತ್ತಲೇ ಇತ್ತು, ಬರುತ್ತಲೇ ಇತ್ತು...

ಒಂದು ಟ್ಯಾಂಕರಿನ ಹಾರ್ನ್ ಕಿವಿ ಹರಿಯುವಂತೆ ಕೂಗಿತು. ಹಾಲಮ್ಮ ಕಣ್ಣು ತೆರೆದಳು. ಆಗಲೇ ಅವಳಿಗೆ ಗೊತ್ತಾದದ್ದು, ತನ್ನ ಕಣ್ಣು ಮುಚ್ಚಿತ್ತೆಂದು. ಟ್ಯಾಂಕರಿನ ದೊಡ್ಡ ಚಕ್ರ ಬಲಗಡೆಯ ಕಿಟಕಿಗೆ ಅಂಟಿದಂತೆ ತಿರುಗುತ್ತಿತ್ತು. ಕಾರು ಗೆರೆ ದಾಟಿ ಅದರ ಪಕ್ಕೆಗೆ ಹೋಗಿತ್ತು. ಸ್ಟೇರಿಂಗ್ ಎಡಕ್ಕೆ ಎಳೆದಳು. ಕಾರು ಒಲೆದಾಡಿ, ಮಣ್ಣಿಗಿಳಿದು, ಒಂದು ಜಾಲಿಯ ಗಿಡದ ಮುಂದೆ ನಿಂತಿತು.

"ಅತ್ತೀ!"

ನಿಂಬವ್ವ ಏಳಲಿಲ್ಲ.

"ಅತ್ತೀ, ಏಳ್ರಿ! ಮಾತಾಡ್ರಿ!"

ಹಾಲಮ್ಮ ಇಳಿದು ಓಡಿ ಆ ಕಡೆಯ ಬಾಗಿಲು ಕಿತ್ತು ತೆರೆದಳು. ಎರಡೂ ಕೆನ್ನೆ ತಟ್ಟಿದಳು. ಎದೆಗೆ ಕಿವಿಯಿಟ್ಟಳು. ಅವಳಿಗೆ ತನ್ನ ಎದೆಯ ಬಡಿತವೇ ಕೇಳುತ್ತಿತ್ತೇ ಹೊರತು ಬೇರೇನೂ ಕೇಳಲಿಲ್ಲ. ಹೊರಗಿನ ಗಾಳಿ ಒಳಗೆ ಬೀಸಿತು. ನಿಂಬವ್ವನ ಮುಖ ಸುಕ್ಕಾಯಿತು, ಕಣ್ಣು ನಿಧಾನಕ್ಕೆ ಬಿಚ್ಚಿಕೊಂಡವು.

"ಯಾಕಬೇ ಹೊಡೀತಿ?" ಎಂದಳು ಅವಳು. "ತಲಿ ಒಂದು ಮಣ ಆಗೇತಿ."

ಹಾಲಮ್ಮ ಮಣ್ಣಿನಲ್ಲೇ ಕೂತಳು. ಹೊರಗಿನ ಗಾಳಿಯಲ್ಲಿ ತನ್ನ ತಲೆ ತಾನಾಗಿ ಹಗುರಾಗುತ್ತಿರುವುದು ಅವಳಿಗೆ ತಿಳಿಯಿತು. ಫೋನು ತೆಗೆದು ಕೊಟ್ರೇಶನಿಗೆ ಹಚ್ಚಿದಳು. ಆದದ್ದೆಲ್ಲ ಹೇಳಿದಳು. ಅವನು ಬಿಡಿಸಿ ಹೇಳಿದ.

"ಅಕ್ಕಾ, ಆ ಬಾಗಿದ ಬಾಣ ಐತಲ್ಲ, ಅದು ಹೊರಗಿನ ಗಾಳಿ ಬಂದ್ ಮಾಡಿ ಒಳಗಿಂದನ್ನ ತಿರುಗಿ ತಿರುಗಿ ಬೀಸತೈತಿ. ಹೊಗಿ, ಧೂಳು ಬಂದಾಗ ಅದು ಬೇಕ. ಆದರ ಹೊತ್ತುಗಟ್ಟಲೆ ಬಿಟ್ರ ನೀವು ಬಿಟ್ಟ ಉಸಿರನ್ನ ನೀವ ಮತ್ತ ಉಸಿರಾಡಬೇಕು. ತಲಿ ಭಾರ ಆಗತೈತಿ, ನಿದ್ದಿ ಎಳಿತೈತಿ. ಹೊಗಿ ದಾಟಿದ ಮ್ಯಾಲ ಹೊರಗಿನ ಬಾಣಕ್ಕ ತಿರುಗಸ್ಬೇಕಿತ್ತು."

"ಮೊದಲ ಯಾಕ ಹೇಳಲಿಲ್ಲೋ?"

ಕೇಳಿದ ಮೇಲೆ ಹಾಲಮ್ಮನೇ ತುಟಿ ಕಚ್ಚಿಕೊಂಡಳು. ಕೊಟ್ರೇಶ, "ಹುಷಾರಾಗಿ ಹೋಗು ಅಕ್ಕಾ" ಎಂದ.

ಹುಬ್ಬಳ್ಳಿಯಲ್ಲಿ ಡಾಕ್ಟರು ನಿಂಬವ್ವನ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಮೂಗಿಗೆ ಔಷಧದ ಹಬೆ ಹಿಡಿದರು. ಮೂರ್ನಾಲ್ಕು ತಾಸು ಮಲಗಿಸಿ, "ಇನ್ನೇನೂ ಭಯವಿಲ್ಲ, ಕರೆದುಕೊಂಡು ಹೋಗಿ" ಎಂದರು.

ಕಾರು ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರದ ನೆರಳಿಗಿತ್ತು. ಇಬ್ಬರೂ ಹತ್ತಿ ಕೂತರು. ಹಾಲಮ್ಮ ಎಂಜಿನ್ ಹಚ್ಚಿದಳು, ಆದರೆ ಹೊರಡಲಿಲ್ಲ. ಒಂದೊಂದೇ ಗುಂಡಿ ಒತ್ತಿದಳು. ಒಂದು ಒತ್ತಿದರೆ ಗಾಳಿ ಕಾಲಿಗೆ ಬೀಸಿತು. ಇನ್ನೊಂದಕ್ಕೆ ಮುಂದಿನ ಗಾಜಿಗೆ ಬೀಸಿತು. ಪ್ರತಿ ಸಲವೂ ಅವಳು ಅಂಗೈ ಒಡ್ಡಿ ನೋಡಿದಳು, ತಿಳಿಯದಿದ್ದರೆ ತಮ್ಮನಿಗೆ ಫೋನು ಹಚ್ಚಿ ಕೇಳಿದಳು. ಹೆದರಿಕೆ ಇನ್ನೂ ಇತ್ತು. ಹೆದರುತ್ತಲೇ ಒತ್ತಿದಳು. ಬಾಗಿದ ಬಾಣವನ್ನು ಒತ್ತಿದಳು, ತೆಗೆದಳು, ಮತ್ತೆ ಒತ್ತಿದಳು, ಮತ್ತೆ ತೆಗೆದಳು. ಕೊನೆಗೆ ಕಣ್ಣು ಮುಚ್ಚಿಕೊಂಡೂ ಅದನ್ನು ಹುಡುಕಿ ಮುಟ್ಟಿದಳು.

ನಿಂಬವ್ವ ಹೊರಗೆ ಬಿಸಿಲು ಇಳಿದದ್ದನ್ನು ನೋಡಿದಳು. "ಹೊತ್ತು ಇಳೀತಬೇ. ಮನೀಗೆ ಹೋಗೂಣೇನು?" ಎಂದಳು.

"ಇನ್ನ ಒಂದು ಉಳದೈತ್ರಿ ಅತ್ತಿ" ಎಂದಳು ಹಾಲಮ್ಮ. "ಅದನ್ನೂ ತಿಳಕೊಂಡ ಹೋಗೂಣು."

ನೀತಿ: ದಿನವೂ ಕೈಗೆಟಕುವ ವಸ್ತುವನ್ನು ಹೆದರಿ ಅರಿಯದೆ ಬಿಡಬೇಡಿ. ನೆಮ್ಮದಿಯ ಹೊತ್ತಿನಲ್ಲಿ ಕಲಿಯದ್ದನ್ನು ಪ್ರಾಣಭಯದ ಹೊತ್ತಿನಲ್ಲಿ ಕಲಿಯಬೇಕಾಗುತ್ತದೆ. ಒಮ್ಮೆ ಕಾಪಾಡಿದ ಉಪಾಯವೇ ಎಂದೆಂದಿಗೂ ಕಾಪಾಡುತ್ತದೆಂದೂ ನಂಬಬೇಡಿ. ಮುಚ್ಚುವುದು ಯಾವಾಗ, ತೆರೆಯುವುದು ಯಾವಾಗ ಎಂದು ಬಲ್ಲವರಿಗೇ ಅದು ಉಪಾಯ, ಉಳಿದವರಿಗೆ ಅಪಾಯ.