ಮೊದಲು ಮುಟ್ಟಿದ ಕೈ

ಪರಮಪೂಜ್ಯ ಗುರುಸಂಗಯ್ಯ ಅಜ್ಜನವರಿಗೆ ಗದ್ದುಗೆಯ ಮೇಲೆ ಕೂರುವುದೆಂದರೆ ಮುಜುಗರ. ಅಂದು ಬೆಳಿಗ್ಗೆಯೂ ದಾಸೋಹದ ಜೋಳವನ್ನು ಮೊರಕ್ಕೆ ಸುರಿದುಕೊಂಡು, ಮಠದ ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತು ಹರಳು ಆರಿಸುತ್ತಿದ್ದರು. ಆಗ ಬಾಳವ್ವ ತನ್ನ ಸೊಸೆ ನೀಲವ್ವನನ್ನು ಮುಂದೆ ನೂಕಿಕೊಂಡು ಬಂದಳು. ಹಿಂದೆ, ಮೂರು ತಿಂಗಳ ಕೂಸನ್ನು ಎತ್ತಿಕೊಂಡ ಸೂಲಗಿತ್ತಿ ಸಾವಂತ್ರೆವ್ವ.

“ಯಪ್ಪಾ, ಈಕಿ ಬಸುರಿದ್ದಾಗ ಗ್ರಹಣದಾಗ ಹೊರಗ ಅಡ್ಡಾಡಿದ್ಳು. ಕೂಸಿನ ಕಾಲು ಆಡಂಗಿಲ್ಲ. ಈಕಿನ್ನ ತವರಿಗೆ ಕಳಿಸಿ ಮಗನಿಗೆ ಬ್ಯಾರೆ ಮದುವಿ ಮಾಡ್ತೀವಿ. ಅಪ್ಪಣಿ ಕೊಡ್ರಿ,” ಎಂದಳು ಬಾಳವ್ವ.

ಸಾವಂತ್ರೆವ್ವ ನೆಲ ನೋಡಿದಳು. ಗ್ರಹಣದ ಮಾತನ್ನು ಹುಟ್ಟಿಸಿದವಳು ಅವಳೇ. ಕೂಸು ಕಾಲು ಮುಂದಾಗಿ ಬರುತ್ತಿದೆಯೆಂದು ತಿಳಿದಾಗಲೇ ದವಾಖಾನೆಗೆ ಕಳಿಸಬಹುದಿತ್ತು; ಮೂವತ್ತು ವರ್ಷದ ಹೆಸರು ಹೋದೀತೆಂದು ಕಳಿಸಲಿಲ್ಲ. ಕೊನೆಗೆ ತಲೆ ಸಿಕ್ಕಿಕೊಂಡಾಗ ಗಾಬರಿಯಾಗಿ ತಿರುವಿ ಜಗ್ಗಿದಳು. ಕೂಸಿನ ಬೆನ್ನಿನಲ್ಲಿ ಏನೋ ಲಟಕ್ಕೆಂದದ್ದು ಬೆರಳಿಗೆ ತಿಳಿಯಿತು. ಹಾಗಿದ್ದೂ ತೊಟ್ಟಿಲ ಕಾರ್ಯದ ದಿನ ಆ ಮನೆಯವರು ಕಂಬಳಿಯ ಮೇಲೆ ಕೂರಿಸಿ ಮರ್ಯಾದೆಯಿಂದ ಕೊಟ್ಟ ಸೀರೆಯನ್ನು, ನಾಚಿಕೆ ಬಿಟ್ಟು, ಉಟ್ಟುಕೊಂಡಳು. ಇಂದೂ ಮೈಮೇಲೆ ಅದೇ ಸೀರೆ.

ಅಜ್ಜನವರು ಮೊರ ಸರಿಸಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಬೆನ್ನು ಸವರಿ ನೋಡಿ, ಅಂಗಾಲಿಗೆ ಕಚಗುಳಿಯಿಟ್ಟರು. ಕಾಲು ಅಲುಗಲಿಲ್ಲ, ಕೂಸು ಮಾತ್ರ ಅವರ ಗಡ್ಡ ನೋಡಿ ನಕ್ಕಿತು. ಪೂಜ್ಯರ ಕಣ್ಣುಗಳು ತುಂಬಿದವು.

“ಈ ಕೂಸನ್ನ ಮೊದಲು ಮುಟ್ಟಿದವರು ಯಾರವ್ವಾ?”

“ನಾನರಿ, ಯಪ್ಪಾ,” ಎಂದಳು ಸಾವಂತ್ರೆವ್ವ.

“ಹಂಗಾದ್ರ ಕೈಗೆ ಗೊತ್ತೈತಿ. ಬಾಯಿಗೆ ಯಾಕ ಹೇಳಿಲ್ಲ?”

ಸಾವಂತ್ರೆವ್ವ ಸೆರಗು ಬಾಯಿಗಿಟ್ಟುಕೊಂಡು ಎಲ್ಲವನ್ನೂ ಹೇಳಿದಳು. ಬಾಳವ್ವ ಸೊಸೆಯ ಮುಖ ನೋಡಲಾರದೆ ಗೋಡೆಯತ್ತ ತಿರುಗಿದಳು.

ನೀಲವ್ವ ಬೈಯಲಿಲ್ಲ. “ನನ್ನ ಪಾಪಕ್ಕ ಕೂಸು ಹಿಂಗಾತಂತ ಮೂರು ತಿಂಗಳು ಅತ್ತೀನಿ. ನೀ ಬಾಜೂಕ ಕುಂತು ಕಣ್ಣೀರು ಒರಿಸಿದಿ,” ಎಂದಳು ಅಷ್ಟೆ. ಅದಕ್ಕಿಂತ ಕಾಲಿನ ಕೆರದಿಂದ ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸಾವಂತ್ರೆವ್ವನಿಗೆ.

ಅಜ್ಜನವರು ಕೂಸಿನ ಹಣೆಗೆ ವಿಭೂತಿ ಹಚ್ಚಿದರು. “ದೊಡ್ಡ ದವಾಖಾನಿಗೆ ತೋರಿಸ್ರಿ. ಜಗ್ಗಿದ ಕೈ ಇನ್ನ ಹೊರಲಿ,” ಎಂದು ಕೂಸನ್ನು ಮತ್ತೆ ಸಾವಂತ್ರೆವ್ವನ ಕೈಗೇ ಕೊಟ್ಟರು.

ಕಾಲುಗಳಿಗೆ ಜೀವ ಬರಲಿಲ್ಲ. ನೀಲವ್ವ ಮಾತ್ರ ತನ್ನ ಮನೆಯಲ್ಲೇ ಉಳಿದಳು. ಸಾವಂತ್ರೆವ್ವ ಆ ಸೀರೆಯನ್ನು ಹರಿದು ಕೂಸಿಗೆ ಕೌದಿ ಹೊಲಿದಳು. ಕೂಸು ಬೆಳೆದು ಭಾರವಾದರೂ ವರ್ಷಗಟ್ಟಲೆ ಹೊತ್ತು ತಿರುಗಿದಳು. ಹೆರಿಗೆಗೆ ಕರೆ ಬಂದರೆ ಹೊಸ್ತಿಲ ಹೊರಗೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು:

“ನನ್ನ ಕೈಯಾಗ ಒಂದು ಕೂಸಿನ ಬೆನ್ನು ಹೋಗೈತಿ. ಆಮ್ಯಾಲ ಸುಳ್ಳೂ ಹೇಳೀನಿ. ಗಾಡಿ ಹೂಡಿ ಇಡ್ರಿ. ಕಾಲು ಮುಂದಾದ್ರ ನಾ ಮುಟ್ಟಂಗಿಲ್ಲ.”