ಆನೆ ತಿರುಗಿ ನಿಂತದ್ದು

ಕಾಡಿನಲ್ಲಿ ಆನೆಯ ತೀರ್ಪೇ ಕೊನೆಯದು. ಮರಗಳನ್ನು ಕೊರೆದು ಹಾಳುಮಾಡುತ್ತಿದೆ ಎಂದು ಅದು ಮರಕುಟಿಗನನ್ನು ಗಡೀಪಾರು ಮಾಡಿತ್ತು. ವರ್ಷದೊಳಗೆ ಮರಗಳಿಗೆಲ್ಲ ಹುಳ ಹಿಡಿಯಿತು. ಮರಕುಟಿಗ ಬಂದು, "ಸ್ವಾಮಿ, ತಮ್ಮ ಬೆನ್ನ ಹಿಂದಿನ ಮರವನ್ನೊಮ್ಮೆ ನೋಡಿ, ತೀರ್ಪನ್ನು ಮರುಪರಿಶೀಲಿಸಿ" ಎಂದಿತು.

"ಕೊಟ್ಟ ತೀರ್ಪನ್ನು ತಿರುಗಿ ನೋಡಿದರೆ ಪೀಠದ ಮರ್ಯಾದೆ ಹೋಗುತ್ತದೆ" ಎಂದು ಕೆಳಗಿನ ಪೀಠದ ನರಿ ತಡೆಯಿತು.

"ನಿನ್ನ ತಪ್ಪನ್ನು ಮೇಲಿನ ಪೀಠದ ಹುಲಿ ತಿದ್ದುತ್ತದೆ, ಹುಲಿಯದನ್ನು ನಾನು ತಿದ್ದುತ್ತೇನೆ. ನನ್ನದನ್ನು ತಿದ್ದಲು ನನಗಿಂತ ಮೇಲೆ ಯಾರಿದ್ದಾರೆ?" ಎಂದು ಆನೆ ಕೇಳಿತು.

ಆನೆಗೆ ಬರೀ ಕತ್ತು ಹೊರಳಿಸಿ ಹಿಂದೆ ನೋಡಲಾಗದು. ಅದು ಇಡೀ ಮೈಯನ್ನೇ ತಿರುಗಿಸಿತು. ತಾನು ದಿನವೂ ಒರಗಿ ತೀರ್ಪು ಕೊಡುತ್ತಿದ್ದ ಮರದ ತುಂಬ ಹುಳ.

"ನನ್ನ ತೀರ್ಪು ತಪ್ಪಾಗಿತ್ತು. ಈ ಮರದ ಹುಳದಿಂದಲೇ ಶುರುಮಾಡು" ಎಂದು ಮರಕುಟಿಗನಿಗೆ ಹೇಳಿತು.

ಟಕಟಕ ಸದ್ದಿಗೆ ಕಾಡಿಗೆ ಕಾಡೇ ಕುಣಿಯಿತು. ಮೊದಲು ಹೆಜ್ಜೆ ಹಾಕಿದ್ದು ಆನೆ.