ತುಂಬಿದ ಕೊಡ ಮತ್ತು ಎರಡು ಕಾರುಗಳು

ಹಳೆ ಕಾರು ಮಾರುವ ಒಂದು ಅಂಗಳದಲ್ಲಿ ಕೆಂಪು ಕಾರೂ ಕಪ್ಪು ಕಾರೂ ಅಕ್ಕಪಕ್ಕ ನಿಂತಿದ್ದವು. ಎರಡೂ ಗಾತ್ರದಲ್ಲಿ ಚಿಕ್ಕವು, ಓಟದಲ್ಲಿ ಜೋರು. ಇವತ್ತು ಬಿಕರಿಯಾಗದ್ದು ನಾಳೆ ಗುಜರಿಗೆ ಎಂದು ಯಜಮಾನ ಹೇಳಿಬಿಟ್ಟಿದ್ದ.

ಅಷ್ಟರಲ್ಲಿ ಪೂಜಾರಿ ಗುರುಪಾದಯ್ಯನವರು ಬಂದರು. ದಿನಾ ಬೆಳಿಗ್ಗೆ ಹೊಳೆಯಿಂದ ಗುಡ್ಡದ ಗುಡಿಗೆ ಅಭಿಷೇಕದ ನೀರು ಒಯ್ಯಲು ಅವರಿಗೊಂದು ಕಾರು ಬೇಕಿತ್ತು. ಪರೀಕ್ಷೆಗೆಂದು ತುಂಬಿದ ತಾಮ್ರದ ಕೊಡವನ್ನೇ ತಂದಿದ್ದರು.

"ನನ್ನ ಓಟ ಕಂಡರೆ ಅಯ್ಯನವರು ಕೈಮುಗಿಯುತ್ತಾರೆ. ನೀನು ಗುಜರಿಗೆ ಹೊರಡು, ತಮ್ಮಾ," ಎಂದಿತು ಕೆಂಪು.

"ಓಟದಲ್ಲಿ ನಾನೇನು ಕಡಿಮೆಯೇ, ಅಣ್ಣಾ?" ಎಂದಿತು ಕಪ್ಪು.

ಅಯ್ಯನವರು ಕೊಡವನ್ನು ಕೆಂಪು ಕಾರಿನ ಮುಂದಿನ ಸೀಟಿನಲ್ಲಿಟ್ಟು ಹೊರಟರು. ಆಕ್ಸಿಲರೇಟರಿಗೆ ಕಾಲು ತಗಲಿದ್ದೇ ತಡ, ಕೆಂಪು ಚಂಗನೆ ನೆಗೆಯಿತು. ಕೊಡ ಉರುಳಿ ಅವರ ಮಡಿಪಂಚೆಯೆಲ್ಲ ಒದ್ದೆಯಾಯಿತು.

"ಶಿವನಿಗಿಂತ ಮೊದಲು ನನಗೇ ಅಭಿಷೇಕವಾಯಿತಲ್ಲಪ್ಪ!" ಎನ್ನುತ್ತ ಇಳಿದರು.

ಕೊಡ ಮತ್ತೆ ತುಂಬಿಸಿ ಕಪ್ಪು ಕಾರನ್ನು ಹತ್ತಿದರು. ಕಪ್ಪು ತನ್ನ ಬಿಗುಮಾನ ನುಂಗಿಕೊಂಡು ತುಂಬು ಬಸುರಿಯಂತೆ ಹೆಜ್ಜೆಯಿಟ್ಟಿತು. ಒಂದು ಹನಿಯೂ ತುಳುಕಲಿಲ್ಲ.

"ಇದನ್ನೇ ಕೊಡಿ, ಯಜಮಾನರೇ," ಎಂದರು ಅಯ್ಯನವರು.

ಕೆಂಪಿಗೆ ತಡೆಯಲಾಗಲಿಲ್ಲ. "ಸುಳ್ಳುಗಾರಾ! ನಿನ್ನ ನಿಜವಾದ ವೇಗವನ್ನು ಯಾಕೆ ತೋರಿಸಲಿಲ್ಲ?"

"ತೋರಿಸಿದ್ದರೆ ನಾಳೆ ಇಬ್ಬರೂ ಒಂದೇ ಲಾರಿಯಲ್ಲಿ ಗುಜರಿಗೆ ಹೋಗುತ್ತಿದ್ದೆವು, ಅಣ್ಣಾ. ಮೆಲ್ಲಗೆ ಮಾತಾಡು."

ಅಯ್ಯನವರು ಕಪ್ಪು ಕಾರಿನ ಹಣೆಗೆ ವಿಭೂತಿ ಬಳಿದು, "ಪಾಪ, ಓಡಲಾರದ ಸಾಧುಪ್ರಾಣಿ," ಎಂದರು.

ಕಪ್ಪು ಹೌದೆನ್ನುವಂತೆ ಒಮ್ಮೆ ಕೆಮ್ಮಿತು.